ತಾಲ್ಲೂಕು ಆಸ್ಪತ್ರೆಗೆ ಹೋದ ಪಿಜಿಯ ಪರವಾಗಿ ಮಾತಾಡುವವರು ಯಾರು?

ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್ ಓದುತ್ತಿರುವ ಪ್ರತಿಯೊಬ್ಬ ವೈದ್ಯರೂ (ಆಸ್ಪತ್ರೆಯ ಮಾತಿನಲ್ಲಿ ‘ಪಿಜಿ’) ಮೂರು ವರ್ಷದ ಕೋರ್ಸಿನಲ್ಲಿ ಮೂರು ತಿಂಗಳು ತಮ್ಮ ಕಾಲೇಜು ಬಿಟ್ಟು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ ಎಂದು ಇದರ ಪೂರ್ಣ ಹೆಸರು. ವಾರ್ಡಿನಲ್ಲಿ, ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ ಬರಿ ‘ಡಿಆರ್‌ಪಿ’. 2020ರ ಸೆಪ್ಟೆಂಬರಿನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಅಸ್ತಿತ್ವಕ್ಕೆ ಬರುವ ಕೆಲವೇ ದಿನ ಮೊದಲು ಹೊರಬಿದ್ದ ತಿದ್ದುಪಡಿ ಇದನ್ನು ಕಡ್ಡಾಯ ಮಾಡಿತು. 2023ರ ಡಿಸೆಂಬರ್ ಕೊನೆಗೆ ಬಂದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿ ಅದನ್ನು ಉಳಿಸಿಕೊಂಡಿತು, ಒಂದು ಬದಲಾವಣೆಯೊಂದಿಗೆ: ಮೊದಲು ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಬೇಕಿತ್ತು, ಈಗ 50 ಹಾಸಿಗೆ ಇದ್ದರೂ ಸಾಕು.

ಕೋರ್ಸ್ ಮುಗಿದ ಮೇಲೆ ಕರ್ನಾಟಕದ 2012ರ ಕಾಯ್ದೆಯಡಿ ಬರುವ ಒಂದು ವರ್ಷದ ಕಡ್ಡಾಯ ಸೇವೆಯೇ ಬೇರೆ, ಇದೇ ಬೇರೆ. ಕಡ್ಡಾಯ ಸೇವೆಗೆ ಹೋಗುವವರು ಪದವಿ ಪಡೆದವರು. ಅವರಿಗೂ ಸರ್ಕಾರಕ್ಕೂ ನೇರ ಸಂಬಂಧ. ಡಿಆರ್‌ಪಿಗೆ ಹೋಗುವವರು ಇನ್ನೂ ವಿದ್ಯಾರ್ಥಿಗಳು. ಸ್ಟೈಫಂಡ್ (ತಿಂಗಳ ತರಬೇತಿ ಭತ್ಯೆ) ಕಾಲೇಜಿನದು, ಡ್ಯೂಟಿ ಹಾಕುವುದು ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ. ಕರ್ನಾಟಕದಲ್ಲಿ ಸರ್ಕಾರಿ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು, ತಾಲ್ಲೂಕು ಆಸ್ಪತ್ರೆ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೆ ಸೇರಿದ್ದು. ಎರಡಕ್ಕೂ ಬೇರೆ ಸಚಿವರು, ಬೇರೆ ನಿರ್ದೇಶನಾಲಯ. ಕ್ವಾರ್ಟರ್ಸಿನ ಬಾಗಿಲಿಗೆ ಚಿಲಕ ಇಲ್ಲ ಎಂಬ ದೂರನ್ನು ಡೀನ್‌ಗೆ ಕೊಟ್ಟರೆ ‘ಆ ಆಸ್ಪತ್ರೆ ನಮ್ಮದಲ್ಲ’ ಎನ್ನುತ್ತಾರೆ. ಅಲ್ಲಿನವರಿಗೆ ಕೊಟ್ಟರೆ ‘ನೀವು ನಮ್ಮ ಸಿಬ್ಬಂದಿ ಅಲ್ಲವಲ್ಲ’ ಎನ್ನುತ್ತಾರೆ. ಇಬ್ಬರು ಹೇಳುವುದೂ ನಿಜವೇ.

ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಹಾಸನ, ಮಂಡ್ಯ, ಶಿವಮೊಗ್ಗ, ಗದಗ, ಕೊಪ್ಪಳ, ಕಾರವಾರ, ಚಾಮರಾಜನಗರ, ಹೀಗೆ ಹಳೆಯ ಜಿಲ್ಲಾಸ್ಪತ್ರೆಗಳು ಒಂದೊಂದಾಗಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಗಳಾಗಿವೆ. ಕೋಲಾರ, ತುಮಕೂರು, ಉಡುಪಿಯಂಥ ಕೆಲವು ಕಡೆ ಮಾತ್ರ ಹಳೆಯ ಅರ್ಥದ ಜಿಲ್ಲಾಸ್ಪತ್ರೆ ಉಳಿದಿರುವುದು. ಹಾಗಾಗಿ ಕಾಗದದ ಮೇಲೆ ‘ಜಿಲ್ಲೆ’ ಎಂದಿದ್ದರೂ ಇಲ್ಲಿ ಡಿಆರ್‌ಪಿ ಎಂದರೆ ಬಹಳಷ್ಟು ಸಲ ತಾಲ್ಲೂಕು ಆಸ್ಪತ್ರೆಯೇ. ಒಂದೊಂದು ವಿಭಾಗಕ್ಕೆ ಒಬ್ಬರೇ ತಜ್ಞರು. ಅವರು ರಜೆ ಹಾಕಿದರೆ, ತರಬೇತಿಗೆ ಹೋದರೆ, ವರ್ಗವಾದರೆ ಪಿಜಿಗೆ ಮೇಲ್ವಿಚಾರಣೆಯೇ ಇಲ್ಲ.

ದೂರು ಏಕೆ ಮೇಲೆ ಬರುವುದಿಲ್ಲ

ಡಿಆರ್‌ಪಿಯ ಸಮಸ್ಯೆಗಳು ಯಾರಿಗೂ ಹೊಸವಲ್ಲ. ಆದರೂ ಬಗೆಹರಿಯದಿರಲು ಕಾರಣ ಪೋಸ್ಟಿಂಗಿನ ರಚನೆಯಲ್ಲೇ ಇದೆ. ಡಿಆರ್‌ಪಿಯನ್ನು ತೃಪ್ತಿಕರವಾಗಿ ಮುಗಿಸದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ತೃಪ್ತಿಕರ ಎಂದು ಪ್ರಮಾಣಪತ್ರ ಕೊಡಬೇಕಾದದ್ದು ಆತಿಥೇಯ ಜಿಲ್ಲೆಯ ಕಡೆಯವರು, ಅಂದರೆ ಡಿಆರ್‌ಪಿ ಸಂಯೋಜಕರ ವ್ಯವಸ್ಥೆ. ಪೋಸ್ಟಿಂಗ್ ನಡೆಯುತ್ತಿರುವಾಗ ಅದೇ ಆಸ್ಪತ್ರೆಯ ಮೇಲೆ ಬರೆದು ಕೊಡುವ ಧೈರ್ಯ ಯಾರಿಗೆ ಬಂದೀತು? ಪ್ರಮಾಣಪತ್ರ ಕೈಗೆ ಬಂದ ಮೇಲೆ ಬರೆಯುವ ಆಸಕ್ತಿ ಉಳಿಯುವುದಿಲ್ಲ. ಅಷ್ಟರಲ್ಲಿ ಥೀಸಿಸ್ (ಸಂಶೋಧನಾ ಪ್ರಬಂಧ), ಪರೀಕ್ಷೆ ತಲೆಯ ಮೇಲೆ ಕುಳಿತಿರುತ್ತವೆ. ಒಂದು ವೇಳೆ ಯಾರಾದರೂ ಬರೆದರು ಎನ್ನಿ. ಕಾಲೇಜಿನ ಟಪಾಲಿನಿಂದ ನಿರ್ದೇಶನಾಲಯ, ಅಲ್ಲಿಂದ ಇನ್ನೊಂದು ಇಲಾಖೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿ ಎಂದು ಕಡತ ಸುತ್ತಿ ಬರುವಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ. ‘ದೂರುದಾರರು ಸದರಿ ಸ್ಥಳದಲ್ಲಿ ಈಗ ಕರ್ತವ್ಯದಲ್ಲಿಲ್ಲ’ ಎಂಬ ಒಂದು ಸಾಲಿನೊಂದಿಗೆ ಕಡತ ಮುಚ್ಚಿಹೋಗುತ್ತದೆ.

ರೆಸಿಡೆಂಟ್‌ಗಳ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಓದುವ ಪಿಜಿಗಳ ಸಂಘಗಳೂ ಇದಕ್ಕೆ ತಕ್ಕಂತೆ ಕಟ್ಟಿಕೊಂಡವಲ್ಲ. ಪ್ರತಿನಿಧಿಗಳು ಕಾಲೇಜುವಾರು, ವಿಭಾಗವಾರು. ರಾಜ್ಯ ಮಟ್ಟದಲ್ಲಿ ಕಾರ್ಡ್ ಎಂದು ಕರೆಯುವ ಕರ್ನಾಟಕ ರೆಸಿಡೆಂಟ್ ವೈದ್ಯರ ಸಂಘ 2024ರ ಆಗಸ್ಟಿನಲ್ಲಿ ಮುಷ್ಕರ ಹೂಡಿ ಸ್ಟೈಫಂಡಿನಲ್ಲಿ ಶೇ 25 ಏರಿಕೆ ಪಡೆಯಿತು. ಮೊದಲ ವರ್ಷದ ಪಿಜಿಗೆ 45,000 ರೂಪಾಯಿ ಇದ್ದದ್ದು 56,250 ಆಯಿತು. ಎಲ್ಲರಿಗೂ ಒಂದೇ ಆದ ಬೇಡಿಕೆ, ದೊಡ್ಡ ಆಸ್ಪತ್ರೆಯ ಒಪಿಡಿ (ಹೊರರೋಗಿ ವಿಭಾಗ) ನಿಂತರೆ ಮರುದಿನ ಪತ್ರಿಕೆಯಲ್ಲಿ ಸುದ್ದಿ, ಸಚಿವರ ಜೊತೆ ಸಭೆ. ಇಂಥ ಹೋರಾಟದಲ್ಲಿ ಸಂಘ ಗಟ್ಟಿ. ತಾಲ್ಲೂಕು ಆಸ್ಪತ್ರೆಯಲ್ಲಿರುವುದು ಬೇರೆ ಬೇರೆ ವಿಭಾಗದ, ಹಲವು ಸಲ ಬೇರೆ ಬೇರೆ ಕಾಲೇಜಿನ ನಾಲ್ಕೈದು ಪಿಜಿಗಳು. ಅವರು ಕೆಲಸ ನಿಲ್ಲಿಸಿದರೆ ಇಲಾಖೆಗೆ ಬಿಸಿ ತಟ್ಟುವುದಿಲ್ಲ. ತಟ್ಟುವುದು ಅಂದು ಹೆರಿಗೆಗೆ ಬಂದವರಿಗೆ.

ಆದ್ದರಿಂದ ಡಿಆರ್‌ಪಿಯಲ್ಲಿ ಪ್ರಾತಿನಿಧ್ಯದ ಕೆಲಸ ನಡೆಯಬೇಕಾದದ್ದು ಪೋಸ್ಟಿಂಗಿಗೆ ಮೊದಲು ಮತ್ತು ಪೋಸ್ಟಿಂಗ್ ಮುಗಿದ ಮೇಲೆ. ನಡುವಿನ ಮೂರು ತಿಂಗಳಲ್ಲಿ ಹೋರಾಡಿ ಗೆಲ್ಲುವುದು ಅಪರೂಪ.

ಬಿಡುಗಡೆ ಆದೇಶದ ಒಳಗೆ ಏನಿರಬೇಕು

ಪಿಜಿಯನ್ನು ಡಿಆರ್‌ಪಿಗೆ ಕಳಿಸುವಾಗ ಕೊಡುವ ಈಗಿನ ಬಿಡುಗಡೆ ಆದೇಶದಲ್ಲಿ ಸಾಮಾನ್ಯವಾಗಿ ಇರುವುದು ಹೆಸರು, ವಿಭಾಗ, ಆಸ್ಪತ್ರೆ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದಷ್ಟೇ. ಅದರ ಜೊತೆ ಒಂದು ಪುಟದ ಅನುಬಂಧ ಸೇರಿಸಿ ಎರಡೂ ಕಡೆಯವರು ಸಹಿ ಹಾಕುವಂತೆ ಮಾಡುವುದೇ ಸಂಘದ ಮೊದಲ ಬೇಡಿಕೆ ಆಗಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ವಸತಿ, ಸಾರಿಗೆ, ಅದರಲ್ಲೂ ಮಹಿಳೆಯರಿಗೆ ಭದ್ರತೆ ಒದಗಿಸುವ ಹೊಣೆಯನ್ನು ನಿಯಮಾವಳಿಯೇ ರಾಜ್ಯ ಸರ್ಕಾರದ ಮೇಲೆ ಹಾಕಿದೆ. ಅನುಬಂಧದ ಕೆಲಸ ಆ ಹೊಣೆಗೆ ಒಂದು ಕೋಣೆ ಸಂಖ್ಯೆ, ಒಬ್ಬ ಅಧಿಕಾರಿಯ ಹೆಸರು, ಒಂದು ಮೊಬೈಲ್ ನಂಬರ್ ಕೊಡಿಸುವುದು.

ಮೊದಲು ಬರಬೇಕಾದದ್ದು ಮೇಲ್ವಿಚಾರಕ ತಜ್ಞರ ಹೆಸರು, ಅವರು ರಜೆಯಲ್ಲಿದ್ದಾಗ ಯಾರು ಎಂಬುದರ ಸಮೇತ. ಅರಿವಳಿಕೆ ವಿಭಾಗದ ಪಿಜಿಗೆ ಇದು ಜೀವ-ಮರಣದ ಪ್ರಶ್ನೆ, ಮಾತಿನ ಅಲಂಕಾರಕ್ಕಲ್ಲ. ತಾಲ್ಲೂಕಿನ ಏಕೈಕ ಅರಿವಳಿಕೆ ತಜ್ಞರು ಊರಲ್ಲಿಲ್ಲ, ತುರ್ತು ಸಿಸೇರಿಯನ್ ಬಂದಿದೆ, ‘ಸ್ಪೈನಲ್ ತಾನೆ, ನೀವೇ ಕೊಡಿ’ ಎನ್ನುತ್ತಾರೆ. ಸ್ಪೈನಲ್ ಎಂದರೆ ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ. ಎರಡನೇ ವರ್ಷದ ಪಿಜಿ ಸ್ಪೈನಲ್ ಕೊಡಬಲ್ಲರು. ಆದರೆ ರಕ್ತದೊತ್ತಡ ಕುಸಿದರೆ, ಮದ್ದು ಮೇಲಕ್ಕೇರಿ ಉಸಿರು ಕಟ್ಟಿದರೆ, ಟ್ಯೂಬ್ ಹಾಕಲು ಕಷ್ಟವಾದರೆ ಪಕ್ಕದಲ್ಲಿ ಇನ್ನೊಂದು ಕೈ ಇರುವುದಿಲ್ಲ. ಹಾಗಾಗಿ ಅನುಬಂಧದಲ್ಲಿ ನೇರವಾಗಿ ಬರೆದಿರಬೇಕು: ತಜ್ಞರು ಆವರಣದಲ್ಲಿ ಇಲ್ಲದಾಗ ಪಿಜಿ ಒಬ್ಬರೇ ಅರಿವಳಿಕೆ ಕೊಡುವಂತಿಲ್ಲ, ಶಸ್ತ್ರಚಿಕಿತ್ಸೆ ನಡೆಸುವಂತಿಲ್ಲ, ರೋಗಿಯನ್ನು ಸ್ಥಿರಗೊಳಿಸಿ ಮುಂದಿನ ಆಸ್ಪತ್ರೆಗೆ ಕಳಿಸುವುದೇ ಕ್ರಮ. ಫೋನಿನಲ್ಲಿ ಸಲಹೆ ಪಡೆದರೆ ಯಾರಿಂದ, ಎಷ್ಟು ಗಂಟೆಗೆ, ಏನು ಹೇಳಿದರು ಎಂಬುದು ಕೇಸ್ ಶೀಟಿನಲ್ಲಿ ಆಗಲೇ ದಾಖಲಾಗಬೇಕು. ಮಾರನೇ ದಿನ ಬರೆದ ಟಿಪ್ಪಣಿಗೆ ವಿಚಾರಣೆಯಲ್ಲಿ ಬೆಲೆ ಕಡಿಮೆ.

ಎರಡನೆಯದು ಕೆಲಸದ ಗಂಟೆ. ಕೇಂದ್ರ ಆರೋಗ್ಯ ಸಚಿವಾಲಯದ 1992ರ ಸೂಚನೆ ರೆಸಿಡೆಂಟ್‌ಗೆ ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. 2023ರ ನಿಯಮಾವಳಿ ‘ಸಮಂಜಸ ಅವಧಿ’ ಎಂದು ಹೇಳಿ ಸುಮ್ಮನಾಗುತ್ತದೆ, ಸಂಖ್ಯೆ ಕೊಡುವುದಿಲ್ಲ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು. ಆ ಸಡಿಲ ಮಿತಿಯನ್ನೇ ಹಿಡಿದು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಆರು ದಿನ ಹಗಲು ಕೆಲಸ: 42 ಗಂಟೆ. ರಾತ್ರಿ 8ರಿಂದ ಬೆಳಿಗ್ಗೆ 8ರ ಪಾಳಿಯನ್ನು ಇಬ್ಬರು ಹಂಚಿಕೊಂಡರೆ ತಲಾ ಮೂರೂವರೆ ರಾತ್ರಿ, ಇನ್ನೊಂದು 42. ಒಟ್ಟು 84 ಗಂಟೆ. ಮೂವರು ಹಂಚಿಕೊಂಡರೆ 70. ಅಂದರೆ ರಾತ್ರಿ ಪಾಳಿಗೆ ಕನಿಷ್ಠ ಮೂವರಿಲ್ಲದ ಕಡೆ ಪಿಜಿಯನ್ನು ರಾತ್ರಿ ಡ್ಯೂಟಿಗೆ ಹಾಕಿದರೆ 74ರ ಮಿತಿಯೂ ಮುರಿಯುತ್ತದೆ. ‘ಬಹಳ ಕೆಲಸ ಕೊಡುತ್ತಾರೆ’ ಎಂಬ ಮಾತಿಗೆ ಅಧಿಕಾರಿಗಳು ‘ನಮ್ಮ ಕಾಲದಲ್ಲಿ...’ ಎಂದು ಶುರು ಮಾಡುತ್ತಾರೆ. ಈ ಲೆಕ್ಕಕ್ಕೆ ಹಾಗೆ ಉತ್ತರ ಹೇಳಲಾಗುವುದಿಲ್ಲ. ಮನೆಯಲ್ಲಿದ್ದು ಕರೆದಾಗ ಬರುವ ‘ಕಾಲ್ ಡ್ಯೂಟಿ’ಯಲ್ಲಿ ಕರೆದ ಹೊತ್ತು, ಹಿಂದಿರುಗಿದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳದಿದ್ದರೆ ಆ ಗಂಟೆಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ.

ರಜೆಯ ಗೊಂದಲ ಸಣ್ಣದು, ಬಗೆಹರಿಸುವುದೂ ಸುಲಭ. ವರ್ಷಕ್ಕೆ ಕನಿಷ್ಠ 20 ದಿನದ ವೇತನಸಹಿತ ರಜೆ ಡಿಆರ್‌ಪಿಯಲ್ಲಿದ್ದಾಗ ಆವಿಯಾಗುವುದಿಲ್ಲ. ಯಾರು ಮಂಜೂರು ಮಾಡಬೇಕು, ಕಾಲೇಜಿಗೆ ಯಾರು ತಿಳಿಸಬೇಕು ಎಂಬುದನ್ನು ಅನುಬಂಧದಲ್ಲಿ ಬರೆದರೆ ಮುಗಿಯಿತು.

ಸ್ಟೈಫಂಡ್ ತಡವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ದುರುದ್ದೇಶವಲ್ಲ. ಡಿಆರ್‌ಪಿ ಅವಧಿಗೆ ಪೂರ್ತಿ ಸ್ಟೈಫಂಡ್ ಕೊಡಬೇಕು, ಆದರೆ ಆತಿಥೇಯ ಆಸ್ಪತ್ರೆಯಿಂದ ಹಾಜರಾತಿ ಬಂದ ಮೇಲೆ. ಅಲ್ಲಿನ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಮೇಜಿನಲ್ಲಿ ತಮ್ಮದೇ ಸಿಬ್ಬಂದಿಯ ಬಿಲ್ಲುಗಳ ರಾಶಿ ಇರುತ್ತದೆ. ಬೇರೆ ಇಲಾಖೆಯ ನಾಲ್ಕು ಜನರ ಹಾಜರಾತಿ ಅದರ ಅಡಿಯಲ್ಲಿ ಸೇರಿಹೋಗುತ್ತದೆ. ಸಹಿ ಬೇಕಾದ ದಿನ ಅಧಿಕಾರಿ ಜಿಲ್ಲಾ ಸಭೆಗೆ ಹೋಗಿರುತ್ತಾರೆ. ಇದಕ್ಕೆ ಮನವಿಪತ್ರ ಬೇಡ, ಅಭ್ಯಾಸ ಬೇಕು: ಯಾವ ತಾರೀಖಿನೊಳಗೆ, ಯಾವ ನಮೂನೆಯಲ್ಲಿ, ಯಾವ ಇಮೇಲಿಗೆ ಎಂಬುದು ಆದೇಶದಲ್ಲೇ ಇರಬೇಕು. ಆ ದಿನ ಕಳೆದರೆ ಬಯೋಮೆಟ್ರಿಕ್ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು ಕಾಲೇಜು ಹಣ ಬಿಡುಗಡೆ ಮಾಡಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಖಾಲಿ ಹುದ್ದೆಯ ಜಾಗದಲ್ಲಿ

ನಿಯಮಾವಳಿಯಲ್ಲಿ ಒಂದು ಸಡಿಲ ಗಂಟಿದೆ. ಜಿಲ್ಲೆಯಲ್ಲಿ ತಮ್ಮ ವಿಷಯದ ವಿಭಾಗ ಇಲ್ಲದ ಪಿಜಿಗಳನ್ನು ಪ್ರಯೋಗಾಲಯ, ಔಷಧ ಉಗ್ರಾಣ, ವಿಧಿವಿಜ್ಞಾನ ಸೇವೆ, ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳಿಗೆ ಹಾಕಬಹುದು. ಆ ಪಟ್ಟಿಯಲ್ಲೇ ‘ಸಾಮಾನ್ಯ ಕ್ಲಿನಿಕಲ್ ಕರ್ತವ್ಯ’ ಎಂಬುದೂ ಸೇರಿಕೊಂಡಿದೆ. ವೈದ್ಯರ ಕೊರತೆ ಇರುವ ಆಸ್ಪತ್ರೆ ಹಿಡಿದುಕೊಳ್ಳುವುದು ಆ ಮೂರು ಪದಗಳನ್ನೇ. ಅಂಗರಚನಾಶಾಸ್ತ್ರದ, ಬಯೋಕೆಮಿಸ್ಟ್ರಿಯ ಪಿಜಿ ರಾತ್ರಿ ಕ್ಯಾಶುವಾಲ್ಟಿಯಲ್ಲಿ (ತುರ್ತು ವಿಭಾಗ) ಒಬ್ಬರೇ ಕೂರುತ್ತಾರೆ. ಕ್ಯಾಶುವಾಲ್ಟಿ ಎಂದರೆ ಎಂಎಲ್‌ಸಿ, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳು: ಹೊಡೆದಾಟ, ಅಪಘಾತ, ವಿಷ ಕುಡಿದವರು. ಕೆಲವು ಕಡೆ ಬೆಳಿಗ್ಗೆ ಶವಪರೀಕ್ಷೆಯೂ.

ಪಿಜಿಗಳು ಎಂಬಿಬಿಎಸ್ ಆಧಾರದಲ್ಲಿ ನೋಂದಾಯಿತ ವೈದ್ಯರೇ ಆದ್ದರಿಂದ ಅವರ ಸಹಿಗೆ ಕಾನೂನಿನ ತೂಕವಿದೆ. ತೊಡಕು ಇರುವುದೂ ಅಲ್ಲೇ. ಗಾಯದ ಪ್ರಮಾಣಪತ್ರಕ್ಕೆ ಸಹಿ ಹಾಕಿದವರನ್ನು ನ್ಯಾಯಾಲಯ ಸಾಕ್ಷಿಯಾಗಿ ಕರೆಯುತ್ತದೆ, ಕೆಲವೊಮ್ಮೆ ಐದಾರು ವರ್ಷದ ನಂತರ. ಅಷ್ಟರಲ್ಲಿ ಆ ವೈದ್ಯರು ದೆಹಲಿಯಲ್ಲೋ ಕೊಚ್ಚಿಯಲ್ಲೋ ಇರುತ್ತಾರೆ, ಸಮನ್ಸ್ ಮಾತ್ರ ತಾಲ್ಲೂಕು ಆಸ್ಪತ್ರೆಗೆ ಬಂದು ಬಿದ್ದಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಅವಕಾಶ ಕೊಟ್ಟಿರುವುದು ಸ್ವಲ್ಪ ನೆಮ್ಮದಿ. ಆದರೂ ಸಂಘ ಹಿಡಿಯಬೇಕಾದ ನಿಲುವು ಸ್ಪಷ್ಟ: ಎಂಎಲ್‌ಸಿಗೆ ಸಹಿ ಆಸ್ಪತ್ರೆಯ ಕಾಯಂ ಅಥವಾ ಗುತ್ತಿಗೆ ವೈದ್ಯಾಧಿಕಾರಿಯದು, ಪಿಜಿ ಪರೀಕ್ಷೆಯಲ್ಲಿ ಜೊತೆಗಿರಬಹುದು, ಕಲಿಯಬಹುದು. ತಪ್ಪಿಸಲಾಗದೆ ಸಹಿ ಹಾಕಬೇಕಾಗಿ ಬಂದರೆ ಹೆಸರು, ನೋಂದಣಿ ಸಂಖ್ಯೆ, ‘ಡಿಆರ್‌ಪಿ ಪಿಜಿ’ ಎಂಬುದನ್ನು ಓದಲು ಬರುವಂತೆ ಬರೆದು, ಎಂಎಲ್‌ಸಿ ಸಂಖ್ಯೆ, ದಿನಾಂಕ, ಪೊಲೀಸ್ ಠಾಣೆಯನ್ನು ರೋಗಿಯ ವಿವರ ಬಿಟ್ಟು ತಮ್ಮ ಡೈರಿಯಲ್ಲೂ ಇಟ್ಟುಕೊಳ್ಳುವುದು ಒಳ್ಳೆಯದು. ಮಹಿಳಾ ಪಿಜಿಗಳ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಪೋಕ್ಸೊ ಕಾಯ್ದೆಯಡಿ ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಆ ಹೊತ್ತಿಗೆ ಆಸ್ಪತ್ರೆಯಲ್ಲಿರುವ ಏಕೈಕ ಮಹಿಳಾ ವೈದ್ಯೆ ಮೈಕ್ರೋಬಯಾಲಜಿ ಪಿಜಿ ಆಗಿದ್ದರೆ ಕರೆ ಅವರಿಗೇ ಬರುತ್ತದೆ. ಮಾದರಿ ಸಂಗ್ರಹ, ಮುದ್ರೆ ಹಾಕಿ ಹಸ್ತಾಂತರಿಸುವ ಸರಪಳಿ, ಬರಹದ ಭಾಷೆ ಯಾವುದನ್ನೂ ಹೇಳಿಕೊಡದೆ ಒಬ್ಬರನ್ನು ಆ ಕೆಲಸಕ್ಕೆ ನೂಕುವುದು ಆ ಮಗುವಿಗೂ ಅನ್ಯಾಯ. ಹೋಗುವ ಮೊದಲು ಕಾಲೇಜಿನ ವಿಧಿವಿಜ್ಞಾನ ವಿಭಾಗದಲ್ಲಿ ಒಂದು ಮಧ್ಯಾಹ್ನದ ತರಬೇತಿ ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಸರ್ಕಾರಿ ಕಾಲೇಜುಗಳಲ್ಲಿ ಅರ್ಧದಷ್ಟು ಪಿಜಿ ಸೀಟು ಅಖಿಲ ಭಾರತ ಕೋಟಾದಲ್ಲಿ ತುಂಬುವುದರಿಂದ ಕನ್ನಡ ಬಾರದವರೂ ಸುರಪುರ, ಲಿಂಗಸುಗೂರಿನ ಕಡೆಗೆ ಹೋಗುತ್ತಾರೆ. ನಗರದ ಆಸ್ಪತ್ರೆಯಲ್ಲಿ ಜೊತೆಗಾರರು ಭಾಷಾಂತರಿಸುತ್ತಾರೆ, ಇಲ್ಲಿ ಯಾರೂ ಇರುವುದಿಲ್ಲ. ಒಪ್ಪಿಗೆ ಪತ್ರ ವಿವರಿಸುವುದು, ಎಷ್ಟು ದಿನದಿಂದ ಜ್ವರ ಎಂದು ಕೇಳುವುದು, ‘ಸಂಕಟ’ ಎಂದು ರೋಗಿ ಹೇಳಿದಾಗ ಎಲ್ಲಿ, ಹೇಗೆ ಎಂದು ಮರುಪ್ರಶ್ನೆ ಹಾಕುವುದು ಸ್ಟಾಫ್ ನರ್ಸ್ ನೆರವಿಲ್ಲದೆ ಆಗದು. ಮೊದಲ ಎರಡು ವಾರ ಒಂಟಿ ಡ್ಯೂಟಿ ಬೇಡ ಎಂಬ ಒಂದು ಸಾಲು ಇವರಿಗಾಗಿಯೇ ಇರಬೇಕು.

ಇಷ್ಟೆಲ್ಲ ಹೇಳಿದ್ದಕ್ಕೆ ಡಿಆರ್‌ಪಿಯನ್ನೇ ರದ್ದು ಮಾಡಿ ಎಂದು ಅರ್ಥವಲ್ಲ. ಆ ಬೇಡಿಕೆ ಆಗಾಗ ಕೇಳಿಬರುತ್ತದೆ; ಅದು ಸುಲಭದ ಬೇಡಿಕೆ, ತಪ್ಪು ಬೇಡಿಕೆಯೂ ಹೌದು. ದೊಡ್ಡ ಬೋಧಕ ಆಸ್ಪತ್ರೆಯಲ್ಲಿ ಬೇರೆಯವರ ಶಸ್ತ್ರಚಿಕಿತ್ಸೆಗೆ ರಿಟ್ರಾಕ್ಟರ್ ಹಿಡಿದು ನಿಲ್ಲುವ ಎರಡನೇ ವರ್ಷದ ಸರ್ಜರಿ ಪಿಜಿಗೆ ತಾಲ್ಲೂಕಿನಲ್ಲಿ ತಜ್ಞರ ಎದುರು ಹರ್ನಿಯಾ, ಹೈಡ್ರೋಸೀಲ್ ಸ್ವತಃ ಮಾಡುವ ಅವಕಾಶ ಸಿಗುತ್ತದೆ. ಸಿಟಿ ಸ್ಕ್ಯಾನ್ ಇಲ್ಲದೆ ಹೊಟ್ಟೆ ಮುಟ್ಟಿ ನಿರ್ಧರಿಸುವುದು ಹೇಗೆಂದು ಅಲ್ಲೇ ಕಲಿಯುವುದು. ಕಲಿಸುವವರು ಇದ್ದಾಗ ಇದು ಕೋರ್ಸಿನ ಒಳ್ಳೆಯ ಮೂರು ತಿಂಗಳು. ಆ ಕಲಿಸುವವರಿಗೆ ಬೋಧಕರೆಂಬ ಹೆಸರಾಗಲಿ, ಅದಕ್ಕೆ ತಕ್ಕ ಭತ್ಯೆಯಾಗಲಿ ಇಲ್ಲ ಎಂಬುದನ್ನು ರೆಸಿಡೆಂಟ್ ಸಂಘಗಳು ತಮ್ಮ ಮನವಿಯಲ್ಲಿ ಸೇರಿಸಿದರೆ ಆತಿಥೇಯ ತಜ್ಞರು ಎದುರಾಳಿಗಳಾಗದೆ ಜೊತೆಗಾರರಾಗುತ್ತಾರೆ.

ಭದ್ರತೆ

ಕರ್ನಾಟಕದಲ್ಲಿ 2009ರಿಂದಲೇ ವೈದ್ಯೋಪಚಾರ ಸಿಬ್ಬಂದಿಯ ಮೇಲಿನ ಹಿಂಸಾಚಾರ ತಡೆಯುವ ಪ್ರತ್ಯೇಕ ಕಾಯ್ದೆ ಇದೆ. ಮೂಲ ಕಾಯ್ದೆಯಲ್ಲಿದ್ದ ಶಿಕ್ಷೆ: ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ; ಅಪರಾಧ ಜಾಮೀನುರಹಿತ. ಆದರೆ ದೂರು ಕೊಡುವವರು ಯಾರು ಎಂಬಲ್ಲಿ ಕಾಯ್ದೆ ಎಡವುತ್ತದೆ. ಮೂರು ತಿಂಗಳಿಗೆ ಬಂದ ಪಿಜಿ ಗೊತ್ತಿಲ್ಲದ ಊರಿನ ಠಾಣೆಯಲ್ಲಿ ಒಬ್ಬರೇ ನಿಂತು ದೂರು ಬರೆದುಕೊಡುವುದು ಕಷ್ಟ, ಸ್ಥಳೀಯ ಮುಖಂಡರ ‘ರಾಜಿ’ ಒತ್ತಡ ಬೇರೆ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ ಕೇಂದ್ರ ಆರೋಗ್ಯ ಸೇವಾ ನಿರ್ದೇಶನಾಲಯ ಕೇಂದ್ರದ ಆಸ್ಪತ್ರೆಗಳಿಗೆ ಒಂದು ಸೂಚನೆ ಹೊರಡಿಸಿತು: ಹಲ್ಲೆ ನಡೆದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕು. ಅದೇ ವಾಕ್ಯವನ್ನು ಆಡಳಿತ ವೈದ್ಯಾಧಿಕಾರಿಯ ಪದನಾಮದೊಂದಿಗೆ ನಮ್ಮ ಅನುಬಂಧಕ್ಕೆ ಸೇರಿಸಬಹುದು.

ಲೈಂಗಿಕ ಕಿರುಕುಳದ ದೂರಿನಲ್ಲಿ ಕಾಲಮಿತಿ ಮುಖ್ಯ. 2013ರ ಕಾಯ್ದೆಯ ‘ಉದ್ಯೋಗಿ’ ವ್ಯಾಖ್ಯೆಯಲ್ಲಿ ತರಬೇತಿಯಲ್ಲಿರುವವರೂ ಸೇರುತ್ತಾರೆ. ದೂರು ಘಟನೆಯ ಮೂರು ತಿಂಗಳೊಳಗೆ ಕೊಡಬೇಕು. ಸೂಕ್ತ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಪ್ರಮಾಣಪತ್ರ ಸಿಗಲಿ ಎಂದು ಕಾಯುತ್ತ ಕೂತರೆ ಪೋಸ್ಟಿಂಗಿನ ಮೊದಲ ವಾರದ ಘಟನೆಗೆ ಸಾಮಾನ್ಯ ಗಡುವು ಮುಗಿದೇ ಹೋಗುತ್ತದೆ. ಇಂಥ ದೂರು ಕೇಳುವ ಆಂತರಿಕ ಸಮಿತಿಯ ಸದಸ್ಯರ ಸಂಪರ್ಕ ಹೊರಡುವ ದಿನವೇ ಕೈಯಲ್ಲಿರಬೇಕು.

ಸಂಘ ಮಾಡಬೇಕಾದ ಕೆಲಸ

ಡಿಆರ್‌ಪಿಯನ್ನು 3, 4 ಅಥವಾ 5ನೇ ಸೆಮಿಸ್ಟರಿನಲ್ಲಿ ಮುಗಿಸಬೇಕು. ಮೂರು ಸೆಮಿಸ್ಟರ್ ಎಂದರೆ 18 ತಿಂಗಳು, ಅಂದರೆ ತಲಾ ಮೂರು ತಿಂಗಳ ಆರು ಸುತ್ತು. 12 ಪಿಜಿಗಳಿರುವ ವಿಭಾಗದಿಂದ ಸುತ್ತಿಗೆ ಇಬ್ಬರು ಹೊರಗಿರುತ್ತಾರೆ. ಥೀಸಿಸನ್ನು ಪರೀಕ್ಷೆಗೆ ಆರು ತಿಂಗಳು ಮೊದಲೇ ಸಲ್ಲಿಸಬೇಕಾದ್ದರಿಂದ 5ನೇ ಸೆಮಿಸ್ಟರಿನ ಕೊನೆಯ ಸುತ್ತಿಗೆ ಸಿಕ್ಕವರು ಬರವಣಿಗೆಯ ಹೊತ್ತಿನಲ್ಲೇ ಗೈಡ್‌ನಿಂದ ದೂರವಿರುತ್ತಾರೆ. ಸುತ್ತುಗಳನ್ನು ಚೀಟಿ ಎತ್ತಿ ಹಂಚಿ, ರೋಗಿಗಳನ್ನು ನೇರವಾಗಿ ನೋಡಬೇಕಾದ ಥೀಸಿಸ್ ಇರುವವರಿಗೆ ಮೊದಲ ಸುತ್ತು ಬಿಟ್ಟುಕೊಡುವುದು ಕಾಲೇಜಿನ ಒಳಗೇ ಆಗಬಹುದಾದ ಕೆಲಸ. ಇಲಾಖೆಯ ಬಾಗಿಲು ಬಡಿಯಬೇಕಿಲ್ಲ.

ಈ ಆರು ಸುತ್ತುಗಳೇ ಸಂಘದ ಬಂಡವಾಳವೂ ಹೌದು. ಇಂದು ನರಳುವವರು ದೂರಲಾರರು, ಮುಗಿಸಿದವರು ದೂರಲು ಬರುವುದಿಲ್ಲ. ಆದ್ದರಿಂದ ನೆನಪಿಟ್ಟುಕೊಳ್ಳುವ ಹೊಣೆ ಸಂಘದ್ದು. ಪ್ರಮಾಣಪತ್ರ ಕೈಸೇರಿದ ವಾರದಲ್ಲೇ ಪ್ರತಿಯೊಬ್ಬರಿಂದ ಹತ್ತು ನಿಮಿಷದ ನಮೂನೆಯೊಂದನ್ನು ತುಂಬಿಸಬೇಕು: ತಜ್ಞರು ಎಷ್ಟು ದಿನ ಇದ್ದರು, ಒಬ್ಬರೇ ಮಾಡಿದ ರಾತ್ರಿ ಪಾಳಿ ಎಷ್ಟು, ಸಹಿ ಹಾಕಿದ ಎಂಎಲ್‌ಸಿ ಎಷ್ಟು, ಕೋಣೆಗೆ ಬೀಗ-ನೀರು ಇತ್ತೇ, ಸ್ಟೈಫಂಡ್ ಯಾವ ತಾರೀಖಿಗೆ ಬಂತು, ಆನ್‌ಲೈನ್ ತರಗತಿಗೆ ನೆಟ್‌ವರ್ಕ್ ಸಿಕ್ಕಿತೇ. ಅಭಿಪ್ರಾಯ ಕೇಳಬಾರದು, ಎಣಿಸಬಹುದಾದದ್ದನ್ನು ಕೇಳಬೇಕು. ವ್ಯಕ್ತಿಗಳ ಹೆಸರಿಲ್ಲದೆ ಆಸ್ಪತ್ರೆವಾರು ಒಟ್ಟುಗೂಡಿಸಿದ ಈ ಮಾಹಿತಿ ಮುಂದಿನ ಸುತ್ತಿನ ಆದೇಶ ಹೊರಡುವ ಮುಂಚೆ ಡೀನ್, ರಾಜ್ಯ ನೋಡಲ್ ಅಧಿಕಾರಿ, ಜಿಲ್ಲಾ ಸಂಯೋಜಕರು ಮೂವರಿಗೂ ಒಂದೇ ಪತ್ರದಲ್ಲಿ ತಲುಪಬೇಕು. ಬೇರೆ ಬೇರೆ ಪತ್ರ ಕೊಟ್ಟರೆ ಮೂರು ಕಡತಗಳಾಗುತ್ತವೆ. ಎರಡು ಸುತ್ತು ಸತತವಾಗಿ ತಜ್ಞರಿಲ್ಲದ ಆಸ್ಪತ್ರೆಯನ್ನು ಆ ವಿಷಯದ ಪಟ್ಟಿಯಿಂದ ಕೈಬಿಡಿ ಎಂದು ಕೇಳಲು ನಿಯಮಾವಳಿಯದೇ ಬೆಂಬಲವಿದೆ: ಸಂಬಂಧಪಟ್ಟ ವಿಷಯದ ಸೌಲಭ್ಯ, ಸಿಬ್ಬಂದಿ ಇರುವ ಆಸ್ಪತ್ರೆಯೇ ಆಗಿರಬೇಕು ಎಂದು ಅದು ಹೇಳುತ್ತದೆ.

ಆಸ್ಟ್ರೇಲಿಯಾದಲ್ಲಿ ಗ್ರಾಮೀಣ ಭಾಗವೂ ಸೇರಿದಂತೆ ಕ್ಲಿನಿಕ್ಕುಗಳಲ್ಲಿ ಕುಟುಂಬ ವೈದ್ಯರ ತರಬೇತಿ ಪಡೆಯುವವರಿಗೆ ಹೀಗೊಂದು ಪೂರ್ವ ಒಪ್ಪಂದ ಇದೆ. ತರಬೇತಿಯಲ್ಲಿರುವ ವೈದ್ಯರ ಸಂಘಟನೆಯಾದ ಜಿಪಿಆರ್‌ಎ ಮತ್ತು ಮೇಲ್ವಿಚಾರಕರ ಸಂಘಟನೆಯಾದ ಜಿಪಿಎಸ್‌ಎ ಕುಳಿತು ಮಾತಾಡಿ ಕನಿಷ್ಠ ವೇತನ, ರಜೆ, ಕೆಲಸದ ಗಂಟೆ ಎಲ್ಲವನ್ನೂ ರಾಷ್ಟ್ರಮಟ್ಟದ ಒಂದೇ ದಾಖಲೆಯಲ್ಲಿ ಇಟ್ಟಿವೆ. ಅಲ್ಲಿ ಅವರು ಕ್ಲಿನಿಕ್ಕಿನ ಉದ್ಯೋಗಿಗಳು, ಇಲ್ಲಿ ಕಾಲೇಜಿನ ವಿದ್ಯಾರ್ಥಿಗಳು. ಹಾಗೇ ಎತ್ತಿ ತರಲಾಗದು. ಆದರೆ ಒಂಟಿಯಾಗಿ ದೂರದ ಊರಿಗೆ ಹೋಗುವವರು ಅಲ್ಲಿ ಹೋಗಿ ಚೌಕಾಸಿ ಮಾಡುವಂತಾಗಬಾರದು ಎಂಬ ತಿಳಿವಳಿಕೆಯನ್ನು ತರಬಹುದು.

ಈ ಚರ್ಚೆಯಲ್ಲಿ ಪೂರ್ತಿ ಮರೆತುಹೋಗುವವರು ಇನ್ನೊಂದು ಗುಂಪು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ (ಎಂಡಿ, ಎಂಎಸ್‌ಗೆ ಸಮಾನವಾದ ತಜ್ಞ ಕೋರ್ಸು), 2020ರಲ್ಲಿ ಶುರುವಾದ ಎರಡು ವರ್ಷದ ಡಿಪ್ಲೊಮಾ ಕೋರ್ಸುಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲೇ ಮಾಡುವವರು. ಇವರಿಗೆ ಮೂರು ತಿಂಗಳಲ್ಲ, ಇಡೀ ಕೋರ್ಸೇ ಅಲ್ಲಿ. ಹಿಂದಿರುಗಲು ಕಾಲೇಜಿಲ್ಲ, ಕಾಲೇಜಿಲ್ಲದ್ದರಿಂದ ಕಾಲೇಜು ಸಂಘವೂ ಇಲ್ಲ. ಮಂಡಳಿ ಆಸ್ಪತ್ರೆ ಮಟ್ಟದಲ್ಲಿ ಕುಂದುಕೊರತೆ ಸಮಿತಿ ಇರಲೇಬೇಕೆನ್ನುತ್ತದೆ. ನಾಲ್ಕು ಜನ ತಜ್ಞರಿರುವ ಆಸ್ಪತ್ರೆಯಲ್ಲಿ ಆ ಸಮಿತಿಯಲ್ಲಿ ಕೂರುವವರೂ ದೂರಿಗೆ ಗುರಿಯಾಗಬಹುದಾದವರೂ ಹೆಚ್ಚುಕಡಿಮೆ ಒಂದೇ ಜನ. ಡಿಆರ್‌ಪಿಗೆಂದು ರಾಜ್ಯ ಸಂಘ ಒಬ್ಬ ಕಾರ್ಯದರ್ಶಿಯನ್ನು ನೇಮಿಸುವುದಾದರೆ ಇವರ ಸದಸ್ಯತ್ವವನ್ನೂ ಅದೇ ಕಾರ್ಯದರ್ಶಿಯ ಕೆಳಗೆ ತರುವುದು ಕಷ್ಟವೇನಲ್ಲ. ಆಸ್ಪತ್ರೆಗಳು ಅವೇ, ನಮೂನೆಯೂ ಅದೇ. ಡಿಆರ್‌ಪಿ ಪಿಜಿಗಳು ಹೊರಟುಹೋದ ಮೇಲೂ ಅಲ್ಲೇ ಇರುವವರಾದ್ದರಿಂದ ಸಂಘಕ್ಕೆ ಆ ಆಸ್ಪತ್ರೆಯ ಸುದ್ದಿ ವರ್ಷವಿಡೀ ಸಿಗುತ್ತದೆ.